ಎಡಚಿಯ ಗೋಡೆ

ಪೆಟ್ರಾ ಸುವಾಜೊಗೆ ಸಿಟ್ಟು ಬಂದರೆ ಬಾಯಿ ನಿಲ್ಲುತ್ತದೆ, ಕಾಲು ಶುರುವಾಗುತ್ತದೆ. ಮಣ್ಣಿನ ಗುಂಡಿಗೆ ಇಳಿದು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒಂದೇ ಸಮ ತುಳಿಯುತ್ತಾಳೆ. ಊರಿನ ಹೆಂಗಸರಿಗೆ ಇದು ಗೊತ್ತು. ಅವಳು ಸಿಟ್ಟಿನಲ್ಲಿ ತುಳಿದ ಮಣ್ಣಿನಷ್ಟು ನಯವಾದ ಗಿಲಾವು ಬೇರೆಲ್ಲೂ ಸಿಗುವುದಿಲ್ಲವೆಂದು ಅವರು ಬಕೆಟ್ ಹಿಡಿದು ಕಾಯುತ್ತಿದ್ದರು. ಅರವತ್ತೊಂದು ವರ್ಷದ ಹೆಂಗಸು, ಗಿಡ್ಡ ಮೈ, ಒಲೆಯ ಕಲ್ಲಿನಂಥ ಪಾದ. ಊರಿನ ಇಗರ್ಜಿಯ ಗೋಡೆಗೆ ನಲವತ್ತು ವರ್ಷದಿಂದ ಮಣ್ಣು ಮೆತ್ತುತ್ತಿದ್ದವಳು.

ಆ ವರ್ಷದ ಆಗಸ್ಟ್‌ನಲ್ಲಿ ಬಂಡೆಮನೆಗಳ ರಿಪೇರಿಗೆಂದು ಊರಿನಿಂದ ಹನ್ನೊಂದು ಜನರನ್ನು ಕರೆದರು. ಕಡಿದಾದ ಬಂಡೆಯ ನಡುವೆ ಬಾಯಿ ತೆರೆದ ಹಾಗೆ ಒಂದು ಗವಿ, ಅದರೊಳಗೆ ಇಪ್ಪತ್ತಮೂರು ಕೋಣೆ. ಆ ನೆಲದ ಮೂಲನಿವಾಸಿಗಳಾದ ಪೆಟ್ರಾಳ ಹಿರಿಯರು ಎಂಟುನೂರು ವರ್ಷದ ಹಿಂದೆ ಅದನ್ನು ಕಟ್ಟಿ, ನಾಲ್ಕು ತಲೆಮಾರು ಬಾಳಿ, ನೀರು ಕಮ್ಮಿಯಾದಾಗ ನದಿಯ ದಡಕ್ಕೆ ಇಳಿದು ಬಂದರು. ಹಾಗೆ ಇಳಿದವರ ಊರೇ ಇವಳ ಊರು. ನಡೆದರೆ ಎರಡು ದಿನ, ಪಿಕಪ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ. ಈಗ ಬಂಡೆ ಸರಕಾರದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಕೆಳಗೆ ಟಿಕೆಟ್ ಕಿಟಕಿ, ಮೇಲೆ ಹಗ್ಗ ಮತ್ತು ಫಲಕಗಳು.

ಪೆಟ್ರಾಳ ಜೊತೆ ಅವಳ ಚಿಕ್ಕಮ್ಮನ ಮಗಳು ನೆಸ್ಟೋರಾ ಇದ್ದಳು. ಐವತ್ತರ ಆಸುಪಾಸು, ಶಾಲೆಯ ಆಫೀಸಿನಲ್ಲಿ ಕೆಲಸ ಮಾಡಿ ಬಿಟ್ಟವಳು, ಬಾಯಿಗೆ ಬೀಗವಿಲ್ಲದವಳು. ಬೆಳಗ್ಗೆ ಹತ್ತಕ್ಕೆ ಮೊದಲ ಪ್ರವಾಸಿಗರ ಗುಂಪು ಏಣಿ ಹತ್ತಿ ಬರುತ್ತಿತ್ತು. ಮಾರ್ಗದರ್ಶಿ ಹುಡುಗಿ ಕೆಲ್ಸಿ ಕೈಯಲ್ಲಿನ ಹಾಳೆ ನೋಡುತ್ತ ದಿನವೂ ಅದೇ ಮಾತು ಹೇಳುತ್ತಿದ್ದಳು: ಇಲ್ಲಿ ಬದುಕಿದ್ದ ಜನ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾದರು, ಎಲ್ಲಿ ಹೋದರೋ ಯಾರಿಗೂ ತಿಳಿಯದು.

"ಅಕ್ಕಾ, ನಾವು ಮಾಯವಾಗಿದೀವಂತೆ," ಎಂದು ನೆಸ್ಟೋರಾ ಜರಡಿ ಹಿಡಿಯುತ್ತ ಕೂಗುತ್ತಿದ್ದಳು. "ಮಾಯವಾದೋಳು ಮಧ್ಯಾಹ್ನಕ್ಕೆ ಏನು ತಂದಿದೀಯ?"

"ಕುರಿ ಸಾರು."

"ಮೆಣಸಿನಕಾಯಿ ಹಾಕಿದೀಯ ತಾನೆ? ಹೋದ ಸಲ ಮೆಣಸಿನಕಾಯೂ ಮಾಯವಾಗಿತ್ತು."

ಪೆಟ್ರಾ ನಗುತ್ತಿರಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ಗೋಡೆಗೆ ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು, ಅಷ್ಟೆ.

ಮೂರನೆಯ ಕೋಣೆ ಅವಳಿಗೆ ಅಚ್ಚುಮೆಚ್ಚು. ಅದರ ಮುಂಗೋಡೆಯ ಒಳಮೈಯಲ್ಲಿ ಹಳೆಯ ಗಿಲಾವು ಇನ್ನೂ ಉಳಿದಿತ್ತು, ಬಳಿದವಳ ಬೆರಳಿನ ಗೀರುಗಳ ಸಮೇತ. ಮೊದಲ ದಿನವೇ ಪೆಟ್ರಾ ಅದರ ಮುಂದೆ ಕೂತು, ಗಾಳಿಯಲ್ಲಿ ಕೈಯಾಡಿಸಿ ನೋಡಿ ಹೇಳಿದ್ದಳು: "ಇವಳು ಎಡಚಿ ಕಣೇ. ಗೀರೆಲ್ಲ ಆ ಕಡೆಯಿಂದ ಈ ಕಡೆಗೆ ಬಂದಿದೆ. ಕೈ ಚೆನ್ನಾಗಿದೆ, ಆದರೆ ಮೂಲೆ ಬಂದರೆ ಸೋಮಾರಿ. ಇಲ್ನೋಡು, ತಳದಲ್ಲಿ ಎರಡು ಬೆರಳು ಜಾಗ ಹಾಗೇ ಬಿಟ್ಟಿದಾಳೆ."

"ಮಗು ಅತ್ತಿರಬೇಕು, ಎದ್ದು ಹೋಗಿದಾಳೆ," ಎಂದಳು ನೆಸ್ಟೋರಾ.

"ಮಗು ಮಲಗಿದ ಮೇಲೆ ಬಂದು ಮುಗಿಸಬಹುದಿತ್ತಲ್ಲ."

ಅಂದಿನಿಂದ ಅವರಿಬ್ಬರ ಬಾಯಲ್ಲಿ ಅದು ಎಡಚಿಯ ಗೋಡೆ. ಬೆಳಗ್ಗೆ ಬಂದವರೇ "ಏನೇ ಎಡಚಿ, ನಿದ್ದೆ ಬಂತಾ?" ಎಂದು ಕೇಳುವರು. ಪೆಟ್ರಾಳ ಸೊಸೆಗೆ ಅತ್ತೆಯಿಂದ ಸಿಗದಷ್ಟು ಬೈಗುಳವೂ ಅಕ್ಕರೆಯೂ ಆ ಸತ್ತ ಹೆಂಗಸಿಗೆ ಸಿಕ್ಕಿತು.

ಕೆಲಸದ ಮೇಲ್ವಿಚಾರಕ ಹಾಲ್ವರ್ಸನ್ ಎಂಬಾತ. ಮೂವತ್ತೈದರ ಆಳು, ದೊಡ್ಡ ಓದು ಓದಿದವನು, ಸಭ್ಯ. ಸೆಪ್ಟೆಂಬರ್ ಮೊದಲ ವಾರ ಅವನು ಕೆಲವು ಬಿಳಿ ಡಬ್ಬಗಳನ್ನು ಏಣಿಯ ಮೇಲೆ ಹೊರಿಸಿ ತಂದ. ಮುಚ್ಚಳ ತೆಗೆದರೆ ಒಳಗೆ ಹಾಲಿನಂಥ ದ್ರವ.

"ಇದನ್ನ ಮಣ್ಣಿಗೆ ಬೆರೆಸಿದರೆ ಇಪ್ಪತ್ತು ವರ್ಷ ನೀರು ತಾಗಲ್ಲ ಮೇಡಂ," ಎಂದ.

ಪೆಟ್ರಾ ಬೆರಳು ಅದ್ದಿ ಉಜ್ಜಿ ನೋಡಿದಳು. ಒಣಗಿದಾಗ ಬೆರಳಿನ ಮೇಲೆ ತೆಳ್ಳನೆಯ ಪೊರೆ ನಿಂತಿತು. ಉಗುರಿನಿಂದ ಅದನ್ನು ಸುಲಿದು ಅವನಿಗೇ ಕೊಟ್ಟಳು.

"ನೀರು ಹೊರಗಿಂದ ಬರಲ್ಲ ಸ್ವಾಮಿ ಇಲ್ಲಿ. ಮೇಲೆ ಇಷ್ಟು ದೊಡ್ಡ ಬಂಡೆ ಸೂರು ಇದೆ. ನೀರು ಬರೋದು ಹಿಂದಿನಿಂದ. ಚಳಿಗಾಲದ ಹಿಮ ಕರಗಿದಾಗ ಗವಿಯ ಬೆನ್ನು ಒಸರುತ್ತೆ, ಆ ತೇವ ನೆಲದೊಳಗೆ ಬಂದು ಗೋಡೆ ಹತ್ತುತ್ತೆ. ಗೋಡೆ ಅದನ್ನ ಬೆವರಿ ಹೊರಗೆ ಹಾಕಬೇಕು. ನೀವು ಅದಕ್ಕೆ ರೇನ್‌ಕೋಟ್ ತೊಡಿಸಿದರೆ ಬೆವರು ಎಲ್ಲಿಗೆ ಹೋಗುತ್ತೆ?"

"ಪ್ರಯೋಗಶಾಲೆಯಲ್ಲಿ ಪರೀಕ್ಷೆ ಆಗಿದೆ."

"ಪ್ರಯೋಗಶಾಲೆಗೆ ಬೆನ್ನು ಒಸರುತ್ತಾ?"

ನೆಸ್ಟೋರಾ ಕಿಸಕ್ಕನೆ ನಕ್ಕಳು. ಹಾಲ್ವರ್ಸನ್‌ನ ಕಿವಿ ಕೆಂಪಗಾಯಿತು. ಆದರೂ ಆಗಲಿ ಎಂದ. ಬೇರೆ ಕೋಣೆಗಳಲ್ಲಿ ನನ್ನ ಆಳುಗಳಿಂದ ಈ ಹಾಲು ಬೆರೆಸಿದ ಮಣ್ಣು ಹಾಕಿಸುತ್ತೇನೆ, ಮೂರನೆಯದು ನಿಮ್ಮ ಇಷ್ಟ ಎಂದು ಮಾತು ಕೊಟ್ಟ. ಬೇರೆಯವುಗಳ ಬಗ್ಗೆ ಪೆಟ್ರಾ ಇನ್ನೂ ನಾಲ್ಕು ಸಲ ಜಗಳ ತೆಗೆದಳು, ಫಲ ಸಿಗಲಿಲ್ಲ. ಎಡಚಿಯ ಗೋಡೆಯ ಹೊರಮೈಯನ್ನಾದರೂ ತಾನೇ ಮೆತ್ತುತ್ತೇನೆಂದು ಸಮಾಧಾನ ಮಾಡಿಕೊಂಡಳು.

ಅಕ್ಟೋಬರ್‌ನಲ್ಲಿ ಊರಹಬ್ಬ. ನಾಲ್ಕು ದಿನ ಊರಿನವರು ಯಾರೂ ಹೊರಗಿನ ಕೆಲಸಕ್ಕೆ ಹೋಗುವಂತಿಲ್ಲ. ಪೆಟ್ರಾ ಮನೆಯಂಗಳದ ಗೂಡೊಲೆಯಲ್ಲಿ ಅರವತ್ತು ಬ್ರೆಡ್ ಸುಟ್ಟಳು, ಮೊಮ್ಮಗಳ ಕಾಲಿಗೆ ಕುಣಿತದ ಗೆಜ್ಜೆ ಕಟ್ಟಿದಳು, ಐದನೆಯ ದಿನ ನಿದ್ದೆಗಣ್ಣಲ್ಲೇ ಏಣಿ ಹತ್ತಿದಳು. ಮೂರನೆಯ ಕೋಣೆಯ ಹೊರಮೈ ಆಗಲೇ ಮುಗಿದಿತ್ತು. ನುಣ್ಣಗೆ, ಸಮನಾಗಿ, ಪಿಂಗಾಣಿ ಬಸಿಯಂತೆ. ಅವಳು ಉಗುರು ಊರಿದಳು. ಉಗುರು ಇಳಿಯಲಿಲ್ಲ, ಜಾರಿತು.

"ಯಾರು ಮಾಡಿದ್ದು ಇದು?"

"ಹಿಮ ಬೇಗ ಬರುತ್ತೆ ಅಂತ ಸುದ್ದಿ ಬಂತು ಮೇಡಂ," ಎಂದ ಹಾಲ್ವರ್ಸನ್. "ನೀವು ಇರಲಿಲ್ಲ. ಕಾಯೋಕೆ ಆಗಲಿಲ್ಲ."

"ತೆಗೀರಿ ಅದನ್ನ."

"ಈಗ ತೆಗೆದರೆ ಒಳಗಿನ ಹಳೇ ಗಿಲಾವಿಗೆ ಪೆಟ್ಟಾಗುತ್ತೆ. ಚಳಿಗಾಲ ಕಳೀಲಿ, ನೋಡೋಣ."

"ಚಳಿಗಾಲ ಕಳೆದ ಮೇಲೆ ನೋಡೋಕೆ ಗೋಡೆ ಇರಲ್ಲ!"

ಅವಳು ಅಂದು ಮಾತಾಡಿದ್ದು ಅಷ್ಟೇ. ಮಧ್ಯಾಹ್ನದ ತನಕ ಮಣ್ಣಿನ ಗುಂಡಿಯಲ್ಲಿ ನಿಂತು ತುಳಿದಳು. ಮೆತ್ತಲು ಗೋಡೆ ಉಳಿದಿರಲಿಲ್ಲ, ಸುಮ್ಮನೆ ತುಳಿದಳು. ಪ್ರವಾಸಿಗರು ಹಗ್ಗದಾಚೆ ನಿಂತು ಫೋಟೊ ತೆಗೆದರು.

ಆ ವಾರ ನೆಸ್ಟೋರಾಳಿಂದ ಉದ್ಯಾನದ ಕಚೇರಿಗೆ ಒಂದು ಪತ್ರ ಬರೆಸಿದಳು.

"'ನಮಗೆ ಸ್ವಲ್ಪ ಕಳವಳವಾಗಿದೆ' ಅಂತ ಬರೀಲಾ ಅಕ್ಕ?"

"ಕಳವಳ ಅಲ್ಲ. ಬೀಳುತ್ತೆ ಅಂತ ಬರಿ. ಮಾರ್ಚ್‌ನಲ್ಲಿ ಬೀಳುತ್ತೆ ಅಂತ ತಿಂಗಳು ಹಾಕಿ ಬರಿ."

ಮೂರು ವಾರದ ಮೇಲೆ ಉತ್ತರ ಬಂತು. ತಮ್ಮ ಅಮೂಲ್ಯವಾದ ಸಾಂಸ್ಕೃತಿಕ ದೃಷ್ಟಿಕೋನಕ್ಕೆ ಧನ್ಯವಾದಗಳು ಎಂದಿತ್ತು. ಪೆಟ್ರಾ ಅದನ್ನು ಹಿಡಿದುಕೊಂಡು ಊರಿನ ಗವರ್ನರ್, ಎಂದರೆ ಊರಿನವರೇ ಆರಿಸಿದ ಮುಖಂಡ, ಸೆಲೆಡೋನಿಯೊ ಹತ್ತಿರ ಹೋದಳು. ಎಪ್ಪತ್ತಾರು ವರ್ಷದ ಆತ ಅವಳ ತಾಯಿಯ ತಮ್ಮ. ಅವನು ಪತ್ರ ಓದಿ, ಕನ್ನಡಕ ತೆಗೆದು ಒರೆಸಿದ.

"ಹನ್ನೊಂದು ಜನಕ್ಕೆ ಕೆಲಸ ಕೊಟ್ಟಿದಾರೆ ಪೆಟ್ರಾ. ಮೂವತ್ತು ವರ್ಷ ಬೇಡಿಕೊಂಡ ಮೇಲೆ ಕೊಟ್ಟಿದಾರೆ. ಒಂದು ಗೋಡೆಗೋಸ್ಕರ ಕೆಡಿಸ್ಕೋಬೇಡ."

"ಗೋಡೆ ನಂದಲ್ಲ ಮಾವ. ನಮ್ಮೋರದು."

"ಗೊತ್ತು. ಸುಮ್ಮನಿರು."

ಹೊರಗಿನವರ ಮೇಲೆ ಬಂದ ಸಿಟ್ಟು ಒಂದು ಬಗೆ, ಸ್ವಂತ ಮಾವನ ಮೇಲೆ ಬಂದದ್ದು ಇನ್ನೊಂದು ಬಗೆ. ಎರಡನ್ನೂ ಹೊತ್ತುಕೊಂಡು ಪೆಟ್ರಾ ಆ ಚಳಿಗಾಲ ಕಳೆದಳು. ಹಿಮ ಬಿದ್ದ ಬೆಳಗಿನಲ್ಲೆಲ್ಲ ಬಾಗಿಲು ತೆರೆದು ಉತ್ತರದ ಬೆಟ್ಟದ ಕಡೆ ನೋಡುವಳು. ಬೇಗ ಕರಗದಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವಳು.

ಮಾರ್ಚ್ ಹತ್ತೊಂಬತ್ತಕ್ಕೆ ಮೂರನೆಯ ಕೋಣೆಯ ಮುಂಗೋಡೆ ಬಿತ್ತು. ಕಚೇರಿಯವರು ಊರಿಗೆ ಹೇಳಲಿಲ್ಲ. ಅಲ್ಲಿ ಕಸ ಗುಡಿಸುವ ಊರಿನ ಹುಡುಗಿಯೊಬ್ಬಳು ಬಸ್ಸಿಳಿದು ನೇರ ಪೆಟ್ರಾಳ ಅಡುಗೆಮನೆಗೆ ಬಂದು ಅತ್ತಳು. ಪೆಟ್ರಾ ಅಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಕುರ್ಚಿಯಲ್ಲಿ ಕೂತಳು. ಎಂಟುನೂರು ವರ್ಷ ಚಳಿ, ಭೂಕಂಪ, ಕುರಿಗಾಹಿಗಳ ಬೆಂಕಿ, ಕಳ್ಳರ ಗುದ್ದಲಿ ಎಲ್ಲವನ್ನೂ ತಡೆದುಕೊಂಡ ಗೋಡೆ. ಐದು ತಿಂಗಳಲ್ಲಿ ಮುಗಿಸಿದರು.

ಆ ವರ್ಷದ ಕೆಲಸಗಾರರ ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ಆದರೆ ಪೆಟ್ರಾಳ ಹೆಸರಿರಲಿಲ್ಲ, ಅವಳ ಜಾಗಕ್ಕೆ ಬೇರೆಯವರನ್ನು ಹಾಕಿದ್ದರು. ಏಪ್ರಿಲ್‌ನ ಒಂದು ಶನಿವಾರ ಅವಳು ನೆಸ್ಟೋರಾಳನ್ನು ಕರೆದುಕೊಂಡು ಹೋಗಿ ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಊರಿನವರಿಗೆ ಟಿಕೆಟ್ ಬೇಡವೆಂದು ಒಳಗಿದ್ದವನು ಹೇಳಿದ.

"ಕೊಡಿ," ಎಂದಳು ಪೆಟ್ರಾ. "ಇವತ್ತು ನಾನು ನೋಡೋಕೆ ಬಂದಿರೋಳು."

ಗುಂಪಿನಲ್ಲಿ ಇಪ್ಪತ್ತು ಜನ. ಟೋಪಿ, ನೀರಿನ ಬಾಟಲಿ, ಒಬ್ಬಳ ಕೈಯಲ್ಲಿ ಕೊಡೆ. ಮಾರ್ಗದರ್ಶಿ ಕೆಲ್ಸಿ ಪೆಟ್ರಾಳನ್ನು ಕಂಡು ಕೈ ಬೀಸಿದಳು, ಆಮೇಲೆ ಯಾಕೋ ಕೈ ಇಳಿಸಿದಳು. ಏಣಿ ಹತ್ತಿದರು. ಮಾಯವಾದ ಜನರ ಕತೆ ಮುಗಿಯಿತು. ಮೂರನೆಯ ಕೋಣೆಯ ಮುಂದೆ ಹೊಸ ಹಗ್ಗ ಕಟ್ಟಿತ್ತು. ಅದರಾಚೆ ಗೋಡೆಯ ಕಲ್ಲುಗಳು, ಮಣ್ಣಿನ ಹೆಂಟೆಗಳು ಬಿದ್ದ ಹಾಗೇ ಬಿದ್ದಿದ್ದವು.

ಕೆಲ್ಸಿ ಹಾಳೆ ನೋಡಿಕೊಂಡು ಓದಿದಳು. "ಈ ಗೋಡೆ ಕಳೆದ ತಿಂಗಳು ಕುಸಿಯಿತು. ಸ್ಥಳೀಯ ಮಹಿಳೆಯರು ಸಾಂಪ್ರದಾಯಿಕ ವಿಧಾನದಲ್ಲಿ ಮಾಡಿದ ಮಣ್ಣಿನ ಕೆಲಸಕ್ಕೆ ಸಾಕಷ್ಟು ಬಲವಿರಲಿಲ್ಲ ಎಂದು ತಜ್ಞರ ವರದಿ ಹೇಳುತ್ತದೆ."

ನೆಸ್ಟೋರಾ ಅಕ್ಕನ ತೋಳು ಹಿಡಿಯಹೋದಳು. ಹಿಡಿಯುವ ಹೊತ್ತಿಗೆ ತೋಳು ಹಗ್ಗದಾಚೆ ಇತ್ತು.

"ಮೇಡಂ, ಅಲ್ಲಿ ಹೋಗೋ ಹಾಗಿಲ್ಲ!"

"ನಿನ್ನ ಮೇಲಲ್ಲ ಕಣಮ್ಮ ನನ್ನ ಸಿಟ್ಟು. ನೀನು ಓದೋಳು. ಪಕ್ಕಕ್ಕೆ ನಿಂತ್ಕೋ." ಪೆಟ್ರಾ ಬಗ್ಗಿ ಒಂದು ದೊಡ್ಡ ಹೆಂಟೆ ಎತ್ತಿ ಜನರ ಕಡೆ ತಿರುಗಿದಳು. ನಾಲ್ಕು ದಶಕ ಬಾಯಿ ಮುಚ್ಚಿ ಮಣ್ಣು ತುಳಿದವಳಿಗೆ ಅಂದು ಎಲ್ಲಿಂದ ಅಷ್ಟು ದೊಡ್ಡ ದನಿ ಬಂತೋ, ಗವಿಯ ಹಿಂಬದಿಗೆ ಬಡಿದು ಮರಳಿತು. "ಸ್ಥಳೀಯ ಮಹಿಳೆ ನಾನು. ಪೆಟ್ರಾ ಸುವಾಜೊ. ಮಾಯವಾಗಿಲ್ಲ, ಇಲ್ಲೇ ಇದೀನಿ, ಕೆಳಗಿನ ಊರಲ್ಲಿ ಮನೆ ಇದೆ. ಬನ್ನಿ, ಹತ್ತಿರ ಬಂದು ನೋಡಿ."

ಹೆಂಟೆಯ ಮೇಲುಸಿಪ್ಪೆಗೆ ಉಗುರು ಹಾಕಿ ಎಳೆದಳು. ಕೆನೆಯ ಪದರದ ಹಾಗೆ ಅಂಗೈಯಗಲ ಇಡಿಯಾಗಿ ಕಿತ್ತು ಬಂತು. ಅದರ ಹಿಂದಿನ ಮಣ್ಣು ಇನ್ನೂ ಹಸಿ. ಒತ್ತಿದರೆ ಬೆರಳ ಸಂದಿಯಿಂದ ಅಂಬಲಿಯಂತೆ ಸೋರಿತು. ಮುಂದಿದ್ದ ಮುದುಕನ ನೀರಿನ ಬಾಟಲಿ ಇಸಿಕೊಂಡು ಆ ಸಿಪ್ಪೆಯ ಮೇಲೆ ಸುರಿದಳು. ನೀರು ಹನಿಹನಿಯಾಗಿ ಉರುಳಿ ಹೋಯಿತು.

"ಇದು ನಮ್ಮ ಕೆಲಸ ಅಲ್ಲ. ಇದು ಪ್ಲಾಸ್ಟಿಕ್. ಬೇಡ ಅಂದೆ. ಬಾಯಲ್ಲಿ ಹೇಳಿದೆ, ಕಾಗದದಲ್ಲಿ ಬರೆದೆ. ನಾನು ಹಬ್ಬಕ್ಕೆ ಹೋದಾಗ ಕದ್ದು ಬಳಿದರು. ಒಳಗಿನ ನೀರು ಹೊರಗೆ ಬರೋಕೆ ದಾರಿಯಿಲ್ಲದೆ ಗೋಡೆ ಒಳಗೇ ಕೊಳೆತು ಬಿತ್ತು. ಈಗ ನನ್ನ ಕೈಗೆ ಬಲ ಇಲ್ಲ ಅಂತ ಬರೆದು ಇವಳ ಬಾಯಲ್ಲಿ ಓದಿಸ್ತಾರೆ!"

ಕೊಡೆಯ ಹೆಂಗಸು ಹತ್ತಿರ ಬಂದು ಮೆಲ್ಲಗೆ, "ಅದನ್ನ ಮುಟ್ಟಬಹುದಾ?" ಎಂದಳು.

"ಮುಟ್ಟಿ," ಎಂದಳು ಪೆಟ್ರಾ. ಅಷ್ಟರಲ್ಲಿ ಇಬ್ಬರು ಕಾವಲುಗಾರರು ಏಣಿ ಹತ್ತಿ ಬಂದರು.

ಹತ್ತು ದಿನದಲ್ಲಿ ಕಾಗದ ಬಂತು. ಪ್ರಾಚೀನ ಅವಶೇಷಕ್ಕೆ ಹಾನಿ ಮಾಡಿದ ಅನಧಿಕೃತ ವ್ಯಕ್ತಿಗೆ ಒಂದು ವರ್ಷ ಬಂಡೆಮನೆಗಳ ಪ್ರವೇಶವಿಲ್ಲ. ಅದರ ಒಂದು ಪ್ರತಿಯನ್ನು ಗವರ್ನರನಿಗೂ ಕಳಿಸಿದ್ದರು. ಸೆಲೆಡೋನಿಯೊ ಅದನ್ನು ಹಿಡಿದುಕೊಂಡು ತಾನೇ ಪೆಟ್ರಾಳ ಮನೆಗೆ ಬಂದ. ಅವಳು ಕೂರು ಎನ್ನಲಿಲ್ಲ, ಕಾಫಿ ಕೊಡಲಿಲ್ಲ.

"ನೀನು ಹಗ್ಗ ದಾಟಿದ್ದು ನಿಜವಾ?"

"ನಿಜ."

"ಒಂದು ಕಾಲೋ, ಎರಡೂನೋ?"

"ಎರಡೂ."

ಮುದುಕ ತಲೆಯಾಡಿಸಿದ. ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟ. "ಅನಧಿಕೃತ ವ್ಯಕ್ತಿ ಅಂತ ಬರೆದಿದಾರೆ. ನಿನ್ನನ್ನ. ನಮ್ಮ ಅಜ್ಜಿಯ ಅಜ್ಜಿಯರು ಹೆತ್ತ ಜಾಗಕ್ಕೆ." ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ. "ನಾನು ಸುಮ್ಮನಿರು ಅಂದೆ. ತಪ್ಪು ಮಾಡಿದೆ."

"ಮಾಡಿದಿರಿ."

"ಅದನ್ನ ನೀನು ಹೇಳಬೇಕಾಗಿಲ್ಲ."

"ಹೇಳ್ತೀನಿ. ಅಕ್ಟೋಬರ್‌ನಲ್ಲಿ ನೀವು ಬಂದಿದ್ದರೆ ಗೋಡೆ ಇರ್ತಿತ್ತು."

ಮುದುಕ ಬಾಗಿಲು ಎಳೆದುಕೊಂಡು ಹೊರಟ. ಮರುದಿನ ಬೆಳಗ್ಗೆ ಅಧಿಕಾರದ ಬೆಳ್ಳಿ ಹಿಡಿಯ ಬೆತ್ತವನ್ನು ಪೆಟ್ಟಿಗೆಯಿಂದ ತೆಗೆದ. ಊರಿನ ದೊಡ್ಡ ಕೆಲಸಕ್ಕಲ್ಲದೆ ಅದು ಹೊರಗೆ ಬರುವುದಿಲ್ಲ. ಪೆಟ್ರಾ, ನೆಸ್ಟೋರಾ ಇಬ್ಬರನ್ನೂ ಪಿಕಪ್‌ನಲ್ಲಿ ಕೂರಿಸಿಕೊಂಡು ಉದ್ಯಾನದ ಕಚೇರಿಗೆ ಹೋದ.

ಮುಖ್ಯಾಧಿಕಾರಿ ಹೆಂಗಸು ಎದ್ದು ನಿಂತು ಕೈ ಚಾಚಿದಳು. ಗವರ್ನರ್ ಬೆತ್ತವನ್ನು ಮೇಜಿನ ಮೇಲೆ ಅಡ್ಡಲಾಗಿ ಇಟ್ಟ.

"ಕಳೆದ ಅಕ್ಟೋಬರ್‌ನ ಕೆಲಸದ ದಿನಚರಿ ತರಿಸಿ," ಎಂದ. "ಅದನ್ನ ಓದದೆ ನಾನು ಏಳೋದಿಲ್ಲ. ನಮ್ಮೂರಿನ ಹನ್ನೊಂದು ಜನ ಇವತ್ತು ಕೆಲಸಕ್ಕೆ ಬಂದಿಲ್ಲ, ನೋಡಿದ್ರಾ? ನಾಳೇನೂ ಬರಲ್ಲ."

ದಿನಚರಿ ತಂದವನು ಹಾಲ್ವರ್ಸನ್. ತನ್ನ ಕೈಬರಹವನ್ನು ತಾನೇ ಓದಬೇಕಾಯಿತು. ಊರಹಬ್ಬದ ಎರಡನೆಯ ದಿನ, ಮೂರನೆಯ ಕೋಣೆ, ಹೊರಮೈ, ರಾಸಾಯನಿಕ ಬೆರೆಸಿದ ಗಿಲಾವು. ಕೆಲಸ ಮಾಡಿಸಿದವರು: ಹಾಲ್ವರ್ಸನ್. ಓದಿ ಮುಗಿಸಿ ಪುಸ್ತಕ ಮುಚ್ಚಿದ.

"ನಾನೇ ಮಾಡಿಸಿದ್ದು. ವರದಿ ಬರೆದದ್ದು ನಾನಲ್ಲ," ಎಂದ.

"ಓದಿದ್ರಾ ಅದನ್ನ?" ಎಂದಳು ಪೆಟ್ರಾ.

"ಓದಿದೆ."

"ಸುಳ್ಳು ಅಂತ ಗೊತ್ತಿತ್ತಾ?"

ಅವನು ಮುಖ್ಯಾಧಿಕಾರಿಯ ಕಡೆ ನೋಡಿದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ಗೊತ್ತಿತ್ತು," ಎಂದ.

"ನನ್ನ ಮಣ್ಣು ತೆಗಳಿದ್ದಕ್ಕೆ ನನಗೆ ಬೇಜಾರೇನೂ ಇಲ್ಲ. ನನ್ನ ಅತ್ತೆ ಅದಕ್ಕಿಂತ ಜಾಸ್ತಿ ತೆಗಳಿದಾಳೆ. ಆದರೆ ನೀವು ಓದಿದೋರು. ಗೋಡೆ ಯಾಕೆ ಬಿತ್ತು ಅಂತ ನಿಮ್ಮೊಬ್ಬರಿಗೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೂ ಉಳಿದ ಕೋಣೆಗಳ ಮೇಲೆ ಅದೇ ಹಾಲನ್ನ ಹಾಗೇ ಬಿಟ್ಟಿದೀರಲ್ಲ, ಮುಂದಿನ ಮಾರ್ಚ್‌ಗೆ ಅವೂ ಬೀಳಲಿ ಅಂತಲಾ?"

ಅದು ಮುಖ್ಯಾಧಿಕಾರಿಗೆ ನಾಟಿತು. ಅವಳು ತಿರುಗಿ, "ಎಷ್ಟು ಕೋಣೆಗಿದೆ?" ಎಂದು ಹಾಲ್ವರ್ಸನ್‌ನನ್ನು ಕೇಳಿದಳು. ಆರು ಎಂದು ಅವನು ಹೇಳಿದ ಮೇಲೆ ಅವಳು ದಿನಚರಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ನಿಷೇಧದ ಕಾಗದ ಹಿಂದಕ್ಕೆ ಹೋಯಿತು. ವರದಿ ಬದಲಾಯಿತು, ಆದರೆ ಪೆಟ್ರಾ ಕೇಳಿದಂತಲ್ಲ. ಗೋಡೆ ಹಲವು ಕಾರಣಗಳಿಂದ ಕುಸಿಯಿತು ಎಂದು ಬರೆದರು. ನೆಸ್ಟೋರಾ ಅದನ್ನು ಓದಿ, "ಹೆಂಡತಿ ಯಾರು ಅಂದ್ರೆ 'ಹಲವು ಹೆಂಗಸರು' ಅಂತಾನಾ ಆ ಹಾಲ್ವರ್ಸನ್ನು? ಇರೋ ಒಂದು ಹೆಸರು ಹೇಳೋಕೇನು ಕಷ್ಟ?" ಎಂದಳು. ಪೆಟ್ರಾ ಎರಡನೆಯ ಪತ್ರ ಬರೆಸಿದಳು, ಮೂರನೆಯದನ್ನೂ ಬರೆಸಿದಳು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರುವ ತನಕ ತಿಂಗಳಿಗೊಂದು ಬರೆಸುತ್ತೇನೆಂದು ಹೇಳಿದ್ದಾಳೆ.

ಜೂನ್‌ನಲ್ಲಿ ಅವಳು ಮತ್ತೆ ಕೆಲಸಕ್ಕೆ ಹೋದಳು. ಷರತ್ತು ಒಂದೇ: ಆರು ಕೋಣೆಗಳ ಸಿಪ್ಪೆಯನ್ನೂ ಕೈಯಿಂದ ಕೆರೆದು ತೆಗೆಯಬೇಕು, ಯಂತ್ರ ಮುಟ್ಟಿಸಬಾರದು. ಮೂರನೆಯ ಕೋಣೆಯ ಕಲ್ಲುಗಳನ್ನು ಊರಿನ ಗಂಡಸರು ಒಂದೊಂದಾಗಿ ಎತ್ತಿ ಪಕ್ಕದಲ್ಲಿ ಜೋಡಿಸಿದರು. ಒಳಮೈಯ ಹಳೆಯ ಗಿಲಾವು ಪುಡಿಯಾಗಿತ್ತು. ಅದನ್ನು ಜರಡಿ ಹಿಡಿದು ಹೊಸ ಮಣ್ಣಿಗೆ ಬೆರೆಸೋಣವೇ ಎಂದು ಒಬ್ಬ ಕೇಳಿದ. ಪೆಟ್ರಾ ಅವನ ಮೇಲೆ ಎಗರಿಬಿದ್ದಳು. ಆಮೇಲೆ ಆ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಗವಿಯ ಒಳಮೂಲೆಯಲ್ಲಿ ತಾನೇ ಇಟ್ಟು ಬಂದಳು. ಆ ದಿನವಿಡೀ ಯಾರೂ ಅವಳ ಹತ್ತಿರ ಸುಳಿಯಲಿಲ್ಲ.

ಎರಡನೆಯ ವಾರ ಹಾಲ್ವರ್ಸನ್ ಬಂದ. ಅವನನ್ನು ಮೇಲ್ವಿಚಾರಕನ ಕೆಲಸದಿಂದ ತೆಗೆದಿದ್ದರು. ಬೇರೆ ರಾಜ್ಯಕ್ಕೆ ವರ್ಗವಾಗಿತ್ತು, ಹೊರಡಲು ಇನ್ನೂ ಎರಡು ವಾರವಿತ್ತು. ಟೋಪಿ ಕೈಯಲ್ಲಿ ಹಿಡಿದು ನಿಂತ.

"ನಾನೂ ಕೆರೀಬಹುದಾ?" ಎಂದ.

ಪೆಟ್ರಾ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಬೈಯಬೇಕೆಂದು ಬಾಯಿಗೆ ಬಂದದ್ದು ಬಹಳ ಇತ್ತು. ಒಂದು ಮೂಳೆಯ ಕೆರೆಕತ್ತಿ ತೆಗೆದು ಅವನ ಕೈಗಿಟ್ಟು, ಒಂಬತ್ತನೆಯ ಕೋಣೆಯ ತಳಮೂಲೆ ತೋರಿಸಿದಳು. ಕೂತರೆ ತಲೆ ತಾಗುವ, ಬಗ್ಗಿದರೆ ಬೆನ್ನು ಮುರಿಯುವ ಜಾಗ.

ಅವನು ತೆವಳಿಕೊಂಡು ಒಳಗೆ ಹೋದ. ಅರ್ಧ ಗಂಟೆ ಕೆರೆದ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ನಿಂತು, "ಮೇಡಂ, ನನಗೆ ನಿಜವಾಗಲೂ..." ಎಂದು ಶುರುಮಾಡಿದ.

"ಮಾತು ಬೇಡ," ಎಂದಳು ಪೆಟ್ರಾ. "ಒತ್ತಿ ಕೆರೀಬೇಡಿ, ಹಿಂದಿನ ಮಣ್ಣು ಬರುತ್ತೆ. ಪಕ್ಕದಿಂದ ಎಬ್ಬಿಸಿ."

"ಇದೊಂದು ಮೂಲೆಗೆ ಎಷ್ಟು ದಿನ ಬೇಕಾಗುತ್ತೆ?"

"ನೀವು ಹೋಗೋ ತನಕ ಮುಗಿಯಲ್ಲ."

ಸದ್ದು ಮತ್ತೆ ಶುರುವಾಯಿತು. ನೆಸ್ಟೋರಾ ಕಾಫಿಯ ಫ್ಲಾಸ್ಕ್ ತಂದು ಮೂರು ಲೋಟ ಇಟ್ಟು ಅಕ್ಕನ ಮುಖ ನೋಡಿದಳು. ಪೆಟ್ರಾ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿದಳು.